ಎಲಿಜಬೆತ್ತಳು ವಿಕ್ಟರನಿಗೆ ಏನಾಗಬೇಕು?

ಮೇರಿ ಷೆಲ್ಲಿಯೆಂಬ ಆಂಗ್ಲ ಲೇಖಕಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಓದಿದ ಇಬ್ಬರನ್ನು ಕೂರಿಸಿ, ಕಥಾನಾಯಕನಾದ ವಿಕ್ಟರನಿಗೆ ಎಲಿಜಬೆತ್ತಳು ಏನಾಗಬೇಕೆಂದು ಕೇಳಿದರೆ, ಒಬ್ಬರು ಸೋದರತ್ತೆಯ ಮಗಳೆಂದೂ ಮತ್ತೊಬ್ಬರು ತಂದು ಸಾಕಿದ ಅನಾಥೆಯೆಂದೂ ಹೇಳಬಹುದು. ಇಬ್ಬರೂ ಗ್ರಂಥವನ್ನು ಆದ್ಯಂತವಾಗಿ ಓದಿದವರೇ. ಇಬ್ಬರ ಮಾತೂ ನಿಜವೇ. ಈ ಕಾದಂಬರಿಯ ಸಮಗ್ರ ಪಾಠವು ಅಂತರ್ಜಾಲದಲ್ಲಿ ಕಾಸಿನ ಖರ್ಚಿಲ್ಲದೆ ಲಭಿಸುತ್ತದೆ. ಆದರೆ ಸಮಗ್ರವೆನಿಸಿಕೊಳ್ಳುವ ಪಾಠವು ಒಂದಲ್ಲ, ಎರಡು ಎಂಬುದನ್ನು ಬಹುಮಂದಿ ವಾಚಕರು ಅರಿಯರು.

೧೮೧೬ರ ಬೇಸಗೆಯಲ್ಲಿ ಜಿನೀವಾ ಸರೋವರದ ತೀರದಲ್ಲಿ ಕವಿ ಬೈರನ್ನನ ಪ್ರೇರಣೆಯಿಂದ ಈ ಕಥೆ ಮೊದಲಾಯಿತು. ಆಗ ಲೇಖಕಿಗೆ ಹದಿನೆಂಟು ವರ್ಷ. ೧೮೧೮ರ ಜನವರಿ ೧ರಂದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ೫೦೦ ಪ್ರತಿಗಳು ಹೊರಬಿದ್ದುವು. ಮುಖಪತ್ರದಲ್ಲಿ ಕರ್ತೃವಿನ ಹೆಸರಿರಲಿಲ್ಲ. ಮುನ್ನುಡಿಯನ್ನು ಬರೆದವನು ಪತಿ ಪರ್ಸಿ ಷೆಲ್ಲಿ. ೧೮೨೩ರಲ್ಲಿ ಕಥೆಯು ನಾಟಕವಾಗಿ ರಂಗವನ್ನೇರಿದಾಗ, ಆಕೆಯ ತಂದೆ ವಿಲಿಯಂ ಗಾಡ್ವಿನ್ನನು ಎರಡು ಸಂಪುಟಗಳ ಮರುಮುದ್ರಣವನ್ನು ಮಾಡಿಸಿದನು. ೧೮೩೧ರಲ್ಲಿ ಬೆಂಟ್ಲಿಯ ಕಾದಂಬರಿಮಾಲೆಗಾಗಿ ಲೇಖಕಿ ಗ್ರಂಥವನ್ನು ತಿದ್ದಿ, ಹೊಸ ಪೀಠಿಕೆಯೊಡನೆ ಒಂದೇ ಸಂಪುಟವಾಗಿ ಕೊಟ್ಟಳು.

ತಿದ್ದಿದ್ದು ಬಹುಮಟ್ಟಿಗೆ ಶೈಲಿಯನ್ನು ಮಾತ್ರ, ಕಥೆಯನ್ನಲ್ಲ ಎಂದು ಆ ಪೀಠಿಕೆಯಲ್ಲಿ ಆಕೆ ಹೇಳಿಕೊಂಡಿದ್ದಾಳೆ. ಈ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಮೊದಲ ಪಾಠದ ಎಲಿಜಬೆತ್ತಳು ವಿಕ್ಟರನ ತಂದೆಯ ಸ್ವಂತ ತಂಗಿಯ ಮಗಳು. ಎರಡನೆಯದರಲ್ಲಿ ಆಕೆ ಕೋಮೋ ಸರೋವರದ ಬಳಿ ಬಡ ರೈತನೊಬ್ಬನ ಗುಡಿಸಲಿನಲ್ಲಿ ಬೆಳೆಯುತ್ತಿದ್ದ ಅನ್ಯಕುಲದ ಶಿಶು. ನಮ್ಮ ಕಡೆಯ ಅನೇಕ ಮನೆತನಗಳಲ್ಲಿ ಸೋದರತ್ತೆಯ ಮಗಳೆಂದರೆ ವಿವಾಹಕ್ಕೆ ಮೊದಲು ನೆನಪಾಗುವ ಕನ್ಯೆ; ಮೊದಲ ಪಾಠದಲ್ಲಿ ಕನ್ನಡಿಗನಿಗೆ ವಿಪರೀತವೇನೂ ತೋರದು. ರಕ್ತಸಂಬಂಧದ ವಿವಾಹವೆಂಬ ಆಕ್ಷೇಪವನ್ನು ತಪ್ಪಿಸಲು ಲೇಖಕಿ ಹೀಗೆ ಬದಲಿಸಿರಬಹುದೆಂದು ವಿಮರ್ಶಕರ ಊಹೆ.

ಇದಕ್ಕಿಂತ ಆಳವಾದ ವ್ಯತ್ಯಾಸ ಮತ್ತೊಂದಿದೆ. ಮೊದಲ ಪಾಠದ ವಿಕ್ಟರನು ತನ್ನ ಹಟದಿಂದ ತಾನೇ ಕೆಟ್ಟವನು. ಬೇರೆ ದಾರಿ ಹಿಡಿಯಲು ಅವನಿಗೆ ಅವಕಾಶವಿತ್ತು. ಎರಡನೆಯ ಪಾಠದಲ್ಲಿ ಅವನು ಹೆಜ್ಜೆಹೆಜ್ಜೆಗೂ ವಿಧಿಯನ್ನು ನೆನೆಯುತ್ತಾನೆ. ನಡುವಣ ಆ ಹದಿಮೂರು ವರ್ಷಗಳಲ್ಲಿ ಲೇಖಕಿ ಕಂಡದ್ದೇನು? ೧೮೧೮ರ ಸೆಪ್ಟೆಂಬರಿನಲ್ಲಿ ಹಸುಗೂಸು ಕ್ಲಾರಾ, ೧೮೧೯ರ ಜೂನಿನಲ್ಲಿ ಮಗ ವಿಲಿಯಂ ತೀರಿಕೊಂಡರು. ೧೮೨೨ರ ಜುಲೈಯಲ್ಲಿ ಪತಿಯು ಇಟಲಿಯ ಕಡಲಿನಲ್ಲಿ ಮುಳುಗಿಹೋದನು. ಇಪ್ಪತ್ತರ ತರುಣಿ ಬರೆದ ಗ್ರಂಥವನ್ನು ಮೂವತ್ತನ್ನು ದಾಟಿದ ವಿಧವೆ ತಿದ್ದಿದಳೆಂಬುದನ್ನು ಮರೆತು ಈ ವಿಧಿವಾದವನ್ನು ಬರಿಯ ಶೈಲಿಭೇದವೆನ್ನುವುದು ನನಗೆ ಸರಿತೋರದು.

ಬೆಂಟ್ಲಿಯ ಮಾಲೆಯ ಪುಸ್ತಕಗಳಿಗೆ, ಜೋಡಿಸಿದ ಮೊಳೆಗಳ ಪಡಿಯಚ್ಚು ತೆಗೆದು ಎರಕಹೊಯ್ದ ಲೋಹದ ಫಲಕಗಳನ್ನು ಬಳಸುತ್ತಿದ್ದರು. ಮತ್ತೆ ಮೊಳೆ ಜೋಡಿಸುವ ಶ್ರಮವಿಲ್ಲದೆ ಬೇಕಾದಾಗ ಅಚ್ಚುಹಾಕಬಹುದಾಗಿತ್ತು. ಹೀಗೆ ಎರಡನೆಯ ಪಾಠವೇ ಲೋಕದಲ್ಲಿ ರೂಢಿಗೆ ಬಂದು, ಮೊದಲನೆಯದು ತೆರೆಮರೆಗೆ ಸರಿಯಿತು. ೧೯೭೪ರಲ್ಲಿ ಜೇಮ್ಸ್ ರೀಗರನು ಅದನ್ನು ಸಂಪಾದಿಸಿ ಅಚ್ಚುಮಾಡಿಸಿದ ಮೇಲೆ ವಿದ್ವಾಂಸರ ದೃಷ್ಟಿ ಅತ್ತ ಹೊರಳಿತು.

ಗ್ರಂಥಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸಿ ಹಂಚುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಕಾರ್ಯವನ್ನು ಮೈಕೆಲ್ ಹಾರ್ಟನು ೧೯೭೧ರ ಜುಲೈ ೪ರಂದು ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದನು. ಆ ಭಂಡಾರದಲ್ಲಿ ಈಗ ೧೮೧೮ರ ಪಾಠವೂ ೧೮೩೧ರ ಪಾಠವೂ ಬೇರೆಬೇರೆಯಾಗಿ ದೊರೆಯುತ್ತವೆ. ಆದರೆ ಮುಖಪತ್ರವನ್ನೂ ಪೀಠಿಕೆಯನ್ನೂ ಕಳೆದುಕೊಂಡು ಅಲೆಯುವ ಪ್ರತಿ ಕೈಗೆ ಬಂದರೆ ಪತ್ತೆ ಹೇಗೆ? ಅಧ್ಯಾಯಗಳನ್ನು ಎಣಿಸಿದರಾಯಿತು. ಆರಂಭದ ಪತ್ರಗಳನ್ನು ಬಿಟ್ಟು ೨೪ ಅಧ್ಯಾಯಗಳು ಒಂದೇ ಸರಣಿಯಲ್ಲಿದ್ದರೆ ಅದು ೧೮೩೧ರದು. ಮೂರು ಸಂಪುಟಗಳಲ್ಲಿ ೭, ೯, ೭ ಎಂದು ಹಂಚಿಹೋಗಿದ್ದರೆ ೧೮೧೮ರದು. ನಮ್ಮ ಹಳೆಯ ಕಾವ್ಯಗಳ ಓಲೆಪ್ರತಿಗಳನ್ನು ಹೋಲಿಸಿ ಪಾಠಾಂತರ ಗುರುತಿಸುವವರ ಶ್ರಮದ ಮುಂದೆ ಇದು ಮಕ್ಕಳ ಆಟ.

ಮೊದಲು ಓದುವವರಿಗೆ ನಾನು ೧೮೧೮ರ ಪಾಠವನ್ನೇ ಸೂಚಿಸುವೆನು. ಅಲ್ಲಿ ಅಪರಾಧದ ಹೊರೆ ಅಪರಾಧಿಯ ಹೆಗಲ ಮೇಲೆಯೇ ಇದೆ. ಆದರೆ ಲೇಖಕಿಯ ಪಕ್ಷವನ್ನೂ ಹೇಳತಕ್ಕದ್ದು ನ್ಯಾಯ. ಪತಿಯ ಮರಣಾನಂತರ ಆಕೆ ಜಿನೋವಾ ನಗರದಲ್ಲಿ ಗೆಳತಿಯೊಬ್ಬಳಿಗೆ ಕೊಟ್ಟ ಮೊದಲ ಮುದ್ರಣದ ಪ್ರತಿಯು ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಮತ್ತೊಂದು ಮುದ್ರಣ ಬಂದರೆ ಮೊದಲ ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆಯುವೆನೆಂದು ಆಕೆ ಅದರಲ್ಲಿ ಸ್ವಹಸ್ತದಿಂದ ಗುರುತು ಹಾಕಿದ್ದಾಳೆ. ಎಲಿಜಬೆತ್ತಳು ಸೋದರತ್ತೆಯ ಮಗಳಾಗಿ ಆ ಮನೆಗೆ ಬರುವುದು ಅವುಗಳಲ್ಲಿ ಮೊದಲನೆಯದರಲ್ಲಿಯೇ.