ಲೇ ಆಫ್: ಕೆಲಸ ಹೋಯಿತೇ, ನಿಂತಿತೇ?

ಕೆಲಸವಿಲ್ಲದ ಕಾರಣಕ್ಕೆ ನೌಕರರನ್ನು ತಾತ್ಕಾಲಿಕವಾಗಿ ಅಥವಾ ಕಾಯಂ ಆಗಿ ಬಿಡಿಸುವುದನ್ನು ಇಂಗ್ಲಿಷ್‌ನಲ್ಲಿ ‘ಲೇ ಆಫ್’ ಎನ್ನುತ್ತಾರೆ. ತಪ್ಪಿಗಾಗಿ ವಜಾ ಮಾಡಿದರೆ ಅದು ‘ಫೈರ್’. ಲೇ ಆಫ್‌ನಲ್ಲಿ ನೌಕರನ ತಪ್ಪಿರುವುದಿಲ್ಲ. ಆಡುಮಾತಿನಲ್ಲಿ ಇದಕ್ಕೆ ‘ಸಾಕು, ಬಿಡು’ ಎಂಬ ಗದರಿಕೆಯ ಅರ್ಥವೂ ಉಂಟು.

ಭಾರತದ ಕಾನೂನಿನಲ್ಲಿ ಈ ಪದದ ವ್ಯಾಪ್ತಿ ಕಿರಿದು. 1947ರ ಕೈಗಾರಿಕಾ ವಿವಾದ ಕಾಯ್ದೆಯು ಕಲ್ಲಿದ್ದಲು, ವಿದ್ಯುತ್, ಕಚ್ಚಾವಸ್ತುಗಳ ಅಭಾವದಂಥ ಕಾರಣಗಳಿಂದ ಕೆಲಸ ಕೊಡಲಾಗದ ಸ್ಥಿತಿಯನ್ನು ಮಾತ್ರ ಲೇ ಆಫ್ ಎಂದು ಕರೆಯಿತು. ಹಾಜರಿ ಪಟ್ಟಿಯಲ್ಲಿ ಕಾರ್ಮಿಕನ ಹೆಸರು ಉಳಿದಿರುತ್ತದೆ. ಹೆಚ್ಚುವರಿ ಎಂದು ತೆಗೆದುಹಾಕಿದರೆ ಅದು ‘ರಿಟ್ರೆಂಚ್‌ಮೆಂಟ್’. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಭೇದವನ್ನು ಉಳಿಸಿಕೊಂಡಿದೆ.

ಆದ್ದರಿಂದ ಕಂಪನಿಯ ಪತ್ರದಲ್ಲಿ ‘ಲೇ ಆಫ್’ ಎಂದಿದ್ದರೆ, ನೌಕರಿ ನಿಂತಿದೆಯೋ ಮುಗಿದಿದೆಯೋ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯುವುದು ಒಳಿತು.