ತೊಗರಿಯ ನೆಟೆರೋಗ: ಕಾರಣನಿರ್ಣಯದ ಇತಿಹಾಸ

ಕಮಠಾಣದ ಸುತ್ತಣ ಹೊಲಗಳಲ್ಲಿಯೂ ಭಾಲ್ಕಿ, ಔರಾದಗಳ ಸೀಮೆಯಲ್ಲಿಯೂ ತೊಗರಿಯು ಮುಖ್ಯವಾದ ಬೆಳೆ. ಹೂವು ಕಾಯಿಗಳ ಕಾಲದಲ್ಲಿ, ನೆಲದಲ್ಲಿ ತೇವವಿರುವಾಗಲೇ ಗಿಡವನ್ನು ಒಣಗಿಸುವ ನೆಟೆರೋಗವು ಇದರ ದೊಡ್ಡ ಶತ್ರು. ಅದರ ಕಾರಣವು ನಿರ್ಣಯವಾದ ಬಗೆ ವಿಚಾರಾರ್ಹವಾಗಿದೆ.

ಬಿಹಾರದ ಪೂಸಾದಲ್ಲಿದ್ದ ಶಿಲೀಂಧ್ರಶಾಸ್ತ್ರಜ್ಞ ಎಡ್ವಿನ್ ಜಾನ್ ಬಟ್ಲರ್ ಅವರು 1906ರಲ್ಲಿ ಈ ರೋಗವನ್ನು ವರ್ಣಿಸಿದರು. ಸತ್ತ ಬೇರುಗಳ ಮೇಲೆ ನಿಯೋಕಾಸ್ಮೋಸ್ಪೊರ ಎಂಬ ಶಿಲೀಂಧ್ರವು ಕಾಣುತ್ತಿತ್ತು. ಹತ್ತಿ, ಕಲ್ಲಂಗಡಿ, ಅಲಸಂದೆಗಳ ಸೊರಗುರೋಗಕ್ಕೆ ಅದೇ ಕಾರಣವೆಂದು ಅಮೆರಿಕದ ಎರ್ವಿನ್ ಸ್ಮಿತ್ 1899ರಲ್ಲಿ ಹೇಳಿದ್ದರು. ಆದುದರಿಂದ ತೊಗರಿಯಲ್ಲಿಯೂ ಅದನ್ನೇ ಅಪರಾಧಿಯೆಂದು ಭಾವಿಸುವುದು ಸಹಜವಾಗಿತ್ತು. ಆದರೆ ಅದು ಸತ್ತ ಅಂಗಾಂಶವನ್ನು ಆಶ್ರಯಿಸುವ ಕೊಳೆತಿನಿ ಮಾತ್ರವೆಂದೂ, ಜೀವಂತ ಗಿಡವನ್ನು ಕೊಲ್ಲುವುದು ಬೇರೊಂದು ಶಿಲೀಂಧ್ರವೆಂದೂ ಬಟ್ಲರ್ 1910ರಲ್ಲಿ ಸ್ಥಾಪಿಸಿ, ಅದಕ್ಕೆ ಫ್ಯುಸೇರಿಯಂ ಉಡಂ ಎಂದು ಹೆಸರಿಟ್ಟರು. ಹೆಣದ ಮೇಲೆ ಕಂಡುದೆಲ್ಲವೂ ಕೊಲೆಗಾರನಲ್ಲವೆಂಬ ವಿವೇಕ ಇಲ್ಲಿಯದು.

ಈ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಬೇರಿನ ಮೂಲಕ ನೀರಿನ ನಾಳಗಳನ್ನು ಸೇರುತ್ತದೆ. ಕಾಂಡದ ಬುಡದಿಂದ ಮೇಲೇರುವ ನೇರಳೆ ಪಟ್ಟೆ, ತೊಗಟೆ ಸುಲಿದಾಗ ತೋರುವ ಕಪ್ಪು ಗೆರೆಗಳು ಇದರ ಗುರುತು. ಎಲೆಗೆ ಸಿಂಪಡಿಸುವ ಔಷಧವು ಇಲ್ಲಿ ನಿಷ್ಫಲ. ಜೋಳದೊಡನೆ ಬೆಳೆ ಬದಲಾವಣೆ, ನಿರೋಧಕ ತಳಿ ಇವೇ ದಾರಿ.

1980ರ ದಶಕದಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿಯು ನೆಟೆರೋಗವನ್ನು ತಡೆಯಿತು. ಆದರೆ ವೈರಾಣುವಿನಿಂದ ಬರುವ ಗೊಡ್ಡುರೋಗಕ್ಕೆ ಅದು ಸುಲಭವಾಗಿ ಈಡಾಗುತ್ತದೆ. ಗೊಡ್ಡುರೋಗದ ಗಿಡ ಹಸುರಾಗಿಯೇ ನಿಂತು ಕಾಯಿ ಕಟ್ಟದು. ನೆಟೆಹತ್ತಿದ ಗಿಡ ಒಣಗಿ ಸಾಯುವುದು. ಇವೆರಡನ್ನು ಬೇರ್ಪಡಿಸಿ ಗುರುತಿಸದೆ ತಳಿಯನ್ನು ಆರಿಸಿದರೆ ಒಕ್ಕಲಿಗನ ಒಂದು ವರ್ಷದ ದುಡಿಮೆಯೇ ವ್ಯರ್ಥವಾದೀತು. ಚಿಕಿತ್ಸೆಗಿಂತ ಮೊದಲು ನಿರ್ಣಯವೆಂಬುದೇ ಈ ಇತಿಹಾಸದ ಸಾರ.