ದೊಡ್ಡ ಚಿತ್ರ, ಚಿಕ್ಕ ಮೇಜು

2006ರ ಬೇಸಿಗೆಯಲ್ಲಿ ಚಿಂಚೋಳಿಯ ನಮ್ಮ ಮನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಬಂದಿದ್ದ. ತಂದೆ ತೀರಿಕೊಂಡಿದ್ದ, ಮನೆಯಲ್ಲಿ ಅವನ ಭಾವಚಿತ್ರವೇ ಇರಲಿಲ್ಲ. ನನ್ನಲ್ಲಿದ್ದ ಏಳನೆಯ ತರಗತಿಯ ಗುಂಪುಚಿತ್ರದ ಹಿಂದಿನ ಸಾಲಿನಲ್ಲಿ ಹುಣಸೆಬೀಜದಷ್ಟು ಗಾತ್ರದ ಮುಖವೊಂದಿತ್ತು. "ಸರ, ನಮ್ಮಪ್ಪಂದು ಇದೊಂದೇ ಫೋಟೊ ಅದರಿ" ಎಂದ.

ಅಷ್ಟು ಚಿಕ್ಕ ಮುಖವನ್ನು ಹಿಗ್ಗಿಸಬೇಕಾದರೆ ಚಿತ್ರವನ್ನು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಬೇಕು. ಹತ್ತು ಅಂಗುಲ ಉದ್ದ, ಎಂಟು ಅಂಗುಲ ಅಗಲದ ಆ ಚಿತ್ರವನ್ನು ಅಂಗುಲಕ್ಕೆ 1200 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದೆ. ಒಟ್ಟು 11.52 ಕೋಟಿ ಚುಕ್ಕೆಗಳು. ಚುಕ್ಕೆಗೆ ಮೂರು ಬೈಟ್‌ನಂತೆ ಸುಮಾರು 346 ಎಂಬಿ. ನನ್ನ ಕಂಪ್ಯೂಟರಿನ ಮೆಮೊರಿ ಇದ್ದುದು 256 ಎಂಬಿ ಮಾತ್ರ. ಒಂದು ಗೀರು ಅಳಿಸಿದರೂ ನಿಮಿಷಗಟ್ಟಲೆ ಕಾಯಬೇಕಾಗುತ್ತಿತ್ತು. ಚಿಕ್ಕ ಮೇಜಿನ ಮೇಲೆ ಭಾರತದ ದೊಡ್ಡ ಭೂಪಟವನ್ನು ಹಾಸಿದಂತೆ: ಒಂದು ಕಡೆ ಬಿಚ್ಚಬೇಕು, ಇನ್ನೊಂದು ಕಡೆ ಸುರುಳಿ ಸುತ್ತಬೇಕು. ಮೆಮೊರಿಯಲ್ಲಿ ಹಿಡಿಸದ ಭಾಗವನ್ನು ಯಂತ್ರವು ಹಾರ್ಡ್ ಡಿಸ್ಕಿನಲ್ಲಿಟ್ಟು ಮತ್ತೆ ಮತ್ತೆ ತರುತ್ತಿತ್ತು. ಡಿಸ್ಕು ಮೆಮೊರಿಗಿಂತ ಬಹಳ ನಿಧಾನ.

ಈ ಇಕ್ಕಟ್ಟು ಗಣಕಚಿತ್ರದಷ್ಟೇ ಹಳೆಯದು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ತಮ್ಮ ಮೂರು ತಿಂಗಳ ಮಗನ ಭಾವಚಿತ್ರವನ್ನು ಮೊದಲ ಬಾರಿಗೆ ಗಣಕಕ್ಕೆ ಇಳಿಸಿದರು. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆಗಳು. ಅದಕ್ಕಿಂತ ಹೆಚ್ಚಿಗೆ ಆ ಯಂತ್ರದ ಮೆಮೊರಿಯಲ್ಲಿ ಎಡೆಯಿರಲಿಲ್ಲ. 1990ರಲ್ಲಿ ಫೋಟೊಶಾಪ್ ಬಂದ ಮೇಲೆ ಚಿತ್ರ ತಿದ್ದುವ ಕೆಲಸ ಮನೆಯ ಮೇಜಿಗೂ ಬಂದಿತು. ಇಕ್ಕಟ್ಟು ಮಾತ್ರ ಉಳಿಯಿತು. 32 ಬಿಟ್ ವಿಳಾಸದಲ್ಲಿ 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಎಣಿಸಲಾಗದು. ವಿಂಡೋಸ್‌ನಲ್ಲಿ 2008ರಲ್ಲಿ, ಮ್ಯಾಕ್‌ನಲ್ಲಿ 2010ರಲ್ಲಿ ಫೋಟೊಶಾಪ್ 64 ಬಿಟ್‌ಗೆ ಬಂದ ಮೇಲೆಯೇ ಆ ಗಡಿ ಅಳಿದದ್ದು.

ನಾನು ಮೆಮೊರಿಯನ್ನು 1 ಜಿಬಿಗೆ ಏರಿಸಿದೆ. ತಾತ್ಕಾಲಿಕ ಕಡತಕ್ಕೆ ಬೇರೆ ಡಿಸ್ಕನ್ನು ಗೊತ್ತುಮಾಡಿದೆ. ಹಿಂದಿನ ಹೆಜ್ಜೆಗಳನ್ನು ನೆನಪಿಡುವ ಸಂಖ್ಯೆಯನ್ನು ಐದಕ್ಕೆ ಇಳಿಸಿದೆ. ಪ್ರೊಸೆಸರ್ ಅದೇ ಇದ್ದರೂ ಕೆಲಸ ಚುರುಕಾಯಿತು. ಕೊರತೆ ಇದ್ದದ್ದು ಮೇಜಿನ ಅಗಲದಲ್ಲಿ.

ಮೂರು ದಿನಗಳ ಬಳಿಕ ಅಂಗೈಯಗಲದ ಮುಖವೊಂದು ಸಿದ್ಧವಾಯಿತು. ಹನ್ನೆರಡು ವರ್ಷದ ತಂದೆಯನ್ನು ಇಪ್ಪತ್ತರ ಮಗ ಬಹಳ ಹೊತ್ತು ನೋಡಿದ. ಆ 346 ಎಂಬಿ ಕಡತವನ್ನು ಕುಗ್ಗಿಸದೆ ಇಂದಿಗೂ ಹಾಗೆಯೇ ಇಟ್ಟಿದ್ದೇನೆ. ಓದುಗರೂ ಹಳೆಯ ಚಿತ್ರಗಳನ್ನು ಹಾಗೆಯೇ ಇಡಲಿ. ಈಗಿನ ಯಂತ್ರಗಳಿಗೆ ಅದು ಭಾರವಲ್ಲ. ಹಿಂದಿನ ಸಾಲಿನಲ್ಲಿ ಇನ್ನೂ ಹಲವು ಮುಖಗಳಿವೆ.